ಮಾಯಾ ಭಾಷೆ, ಮಾಯಾ ಸಂಸ್ಕೃತಿ ಕಲಿಯಲು ಎಲ್ಲಿಂದ ಶುರು ಮಾಡಬೇಕು?

ಮೂರು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಮಾಯಾ ಭಾಷೆಯನ್ನು ಈಗಲೂ ಯಾರಾದರೂ ಮಾತಾಡುತ್ತಾರಾ? ಕಲ್ಲಿನ ಮೇಲಿನ ಆ ಲಿಪಿಯನ್ನು ಮನೆಯಲ್ಲೇ ಕೂತು ಕಲಿಯಬಹುದಾ? ಸ್ಪ್ಯಾನಿಷ್ ಬೇಕೇ ಬೇಕಾ? ಮೊದಲನೆಯದಕ್ಕೆ ಉತ್ತರ: ಹೌದು, ಸುಮಾರು 60 ಲಕ್ಷ ಜನ ಮಾತಾಡುತ್ತಾರೆ. ಎರಡನೆಯದಕ್ಕೆ: ಧಾರಾಳವಾಗಿ ಕಲಿಯಬಹುದು. ಮೂರನೆಯದಕ್ಕೆ: ಶುರು ಮಾಡಲು ಬೇಡ, ಮುಂದುವರಿಯಲು ಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರು ಪಿರಮಿಡ್ಡಿನಿಂದ ಶುರು ಮಾಡಿ ಪಿರಮಿಡ್ಡಿನಲ್ಲೇ ನಿಂತುಬಿಡುತ್ತಾರೆ. ಹಳೆಯ ಲಿಪಿ ಒಂದು ಕಡೆ, ಇವತ್ತಿನ ಜನ ಇನ್ನೊಂದು ಕಡೆ ಅಂತ ಬೇರೆ ಮಾಡಿಕೊಳ್ಳುತ್ತಾರೆ. ಹಾಗೆ ಮಾಡಿದರೆ ಎರಡೂ ಅರ್ಧಂಬರ್ಧ. ಸಾವಿರದ ಮುನ್ನೂರು ವರ್ಷ ಹಿಂದಿನ ಶಾಸನ ಓದಲು ಸಾಧ್ಯವಾಗಿದ್ದೇ ಇವತ್ತಿಗೂ ಜನರ ಬಾಯಲ್ಲಿ ಉಳಿದಿರುವ ಭಾಷೆಗಳ ಸಹಾಯದಿಂದ. ಅದಕ್ಕೇ ಕೆಳಗಿನ ಹಂತಗಳಲ್ಲಿ ಹಳೆಯದನ್ನೂ ಹೊಸದನ್ನೂ ಒಟ್ಟಿಗೇ ಇಟ್ಟಿದ್ದೇನೆ.

ಏನೇನು ಬೇಕು?

ಮಕ್ಕಳ ಲೆಕ್ಕದ ಚೌಕುಳಿ ನೋಟ್‌ಬುಕ್ ಒಂದು. ಪೆನ್ಸಿಲ್, ರಬ್ಬರ್. ಒಂದು ಒಳ್ಳೆಯ ಇಯರ್‌ಫೋನ್. ಇಂಗ್ಲಿಷ್ ಓದಿ ಅರ್ಥಮಾಡಿಕೊಳ್ಳುವಷ್ಟು ಬಂದರೆ ಸಾಕು. ದಿನಕ್ಕೆ ಅರ್ಧ ಗಂಟೆ ಬಿಡುವು. ಮೊದಲ ಆರು ತಿಂಗಳು ದುಡ್ಡು ಖರ್ಚಾಗುವುದಿಲ್ಲ, ಬೇಕಾದ್ದೆಲ್ಲ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಯಾರಾದರೂ ದುಬಾರಿ ಕೋರ್ಸ್ ಮಾರಲು ಬಂದರೆ ಈ ಹಂತದಲ್ಲಿ ಬೇಡ ಅನ್ನಿ.

ಹುಡುಕುವಾಗ ಒಂದು ಸೂಚನೆ. ಇಂಗ್ಲಿಷ್‌ನಲ್ಲಿ ಜನರಿಗೆ, ಸಂಸ್ಕೃತಿಗೆ 'ಮಾಯಾ' ಅನ್ನುತ್ತಾರೆ. ಭಾಷಾ ಕುಟುಂಬಕ್ಕೆ 'ಮಾಯನ್' ಅನ್ನುವುದು ವಿದ್ವಾಂಸರ ರೂಢಿ. ಎರಡೂ ಪದ ಹಾಕಿ ಹುಡುಕಿ.

ಹಂತ 1: ನಕ್ಷೆ ಮತ್ತು ಕಾಲ

ಇದಕ್ಕೆ ಒಂದು ವಾರ ಸಾಕು. ಮೆಕ್ಸಿಕೋದ ದಕ್ಷಿಣ ಭಾಗ (ಯುಕಾಟಾನ್, ಕಂಪೆಚೆ, ಕಿಂಟಾನಾ ರೋ, ಟಬಾಸ್ಕೋ, ಚಿಯಾಪಾಸ್), ಪೂರ್ತಿ ಗ್ವಾಟೆಮಾಲಾ, ಬೆಲೀಜ್, ಹೊಂಡುರಾಸ್ ಮತ್ತು ಎಲ್ ಸಾಲ್ವಡಾರ್‌ನ ಪಶ್ಚಿಮ ತುದಿ. ಇಷ್ಟೇ ಮಾಯಾ ನಾಡು. ಇಂಕಾ ಜನರ ಪೆರು ಇಲ್ಲಿಂದ ಬಹಳ ದೂರ. ಅಜ್ಟೆಕರ ಊರು ಇವತ್ತಿನ ಮೆಕ್ಸಿಕೋ ನಗರ. ಈ ಮೂವರನ್ನೂ ಕಲಸಿ ಒಂದೇ ಮಾಡುವ ಲೇಖನಗಳು ಕನ್ನಡದಲ್ಲೂ ಬೇಕಾದಷ್ಟಿವೆ. ಹುಷಾರು.

ಕಾಲವನ್ನು ಮೂರು ತುಂಡು ಮಾಡಿಕೊಳ್ಳಿ. ಕ್ರಿ.ಪೂ. 2000ದ ಆಸುಪಾಸಿನಿಂದ ಕ್ರಿ.ಶ. 250ರವರೆಗೆ ಪೂರ್ವ ಅಭಿಜಾತ ಕಾಲ, 250ರಿಂದ 900ರವರೆಗೆ ಅಭಿಜಾತ ಕಾಲ, ಅಲ್ಲಿಂದ ಸ್ಪೇನಿನವರು ಬರುವವರೆಗೆ ಉತ್ತರ ಕಾಲ. ಟಿಕಾಲ್, ಪಲೆಂಕೆ, ಕೊಪಾನ್, ಕಲಕ್ಮುಲ್ ಮೆರೆದದ್ದು ನಡುವಿನ ಕಾಲದಲ್ಲಿ. ಒಂಬತ್ತನೆಯ ಶತಮಾನದಲ್ಲಿ ದಕ್ಷಿಣದ ಈ ನಗರಗಳು ಒಂದೊಂದಾಗಿ ಖಾಲಿಯಾದವು. ಬರ, ಯುದ್ಧ, ರಾಜರ ಮೇಲೆ ಜನರ ನಂಬಿಕೆ ಹೋದದ್ದು, ಎಲ್ಲವೂ ಸೇರಿತ್ತು. ನಗರ ಬಿಟ್ಟ ಜನ ಬೇರೆ ಕಡೆ ಬದುಕಿದರು. ಉತ್ತರದಲ್ಲಿ ಚಿಚೆನ್ ಇಟ್ಜಾ, ಅದಾದ ಮೇಲೆ ಮಾಯಪಾನ್ ಬೆಳೆದವು. ಕೊನೆಯ ಸ್ವತಂತ್ರ ಮಾಯಾ ರಾಜ್ಯದ ರಾಜಧಾನಿ ನೊಹ್‌ಪೆತೆನ್ ಸ್ಪೇನಿನ ಕೈಗೆ ಬಿದ್ದದ್ದು 1697ರಲ್ಲಿ. 'ಮಾಯಾ ಜನ ನಿಗೂಢವಾಗಿ ಮಾಯವಾದರು' ಅನ್ನುವ ಸಾಲು ಕಂಡರೆ ಆ ಪುಟ ಮುಚ್ಚಿಬಿಡಿ.

ಈ ಹಂತದಲ್ಲೇ ಒಂದು ನಗರವನ್ನು ನಿಮ್ಮದಾಗಿ ಆರಿಸಿಕೊಳ್ಳಿ. ಹತ್ತು ಊರಿನ ಬಗ್ಗೆ ಸುಮ್ನೆ ಮೇಲೆಮೇಲೆ ಓದುವುದಕ್ಕಿಂತ ಒಂದು ಊರಿನ ರಾಜರ ಸಾಲು, ಶತ್ರುಗಳು, ಕಟ್ಟಡಗಳು ಗೊತ್ತಿದ್ದರೆ ಮುಂದಿನ ಹಂತಗಳು ಸಲೀಸು. ನನ್ನ ಸಲಹೆ ಪಲೆಂಕೆ. ಅಲ್ಲಿನ ಶಾಸನಗಳು ಉದ್ದ, ಸ್ಪಷ್ಟ, ಚೆನ್ನಾಗಿ ಉಳಿದಿವೆ. ಅವುಗಳ ರೇಖಾಚಿತ್ರಗಳೂ ಸುಲಭವಾಗಿ ಸಿಗುತ್ತವೆ.

ಹಂತ 2: ಅಂಕಿ ಮತ್ತು ದಿನಗಣನೆ

ಲಿಪಿಗಿಂತ ಮೊದಲು ಅಂಕಿ ಕಲಿಯಿರಿ. ಮಾಯಾ ಶಾಸನಗಳೂ ನಮ್ಮ ಶಾಸನಗಳ ಹಾಗೇ ಕಾಲ ಹೇಳದೆ ಮಾತಾಡುವುದಿಲ್ಲ. ದೊಡ್ಡ ಶಾಸನವಾದರೆ ತೇದಿಯೇ ಮೊದಲು, ಆಮೇಲೆ ಏನು ನಡೆಯಿತು, ಯಾರು ಮಾಡಿದರು ಎಂಬುದು. ಅಂಕಿ ಬಂದರೆ ಅರ್ಧ ಕಲ್ಲು ಓದಿದ ಹಾಗೆ.

ಚಿಹ್ನೆ ಮೂರೇ. ಚುಕ್ಕೆ ಅಂದರೆ 1, ಅಡ್ಡಗೆರೆ ಅಂದರೆ 5, ಚಿಪ್ಪು ಅಂದರೆ 0. ಎರಡು ಗೆರೆ, ಮೂರು ಚುಕ್ಕೆ ಇದ್ದರೆ 13. ಲೆಕ್ಕ ನಡೆಯುವುದು ಇಪ್ಪತ್ತರಲ್ಲಿ.

ಉದ್ದದ ದಿನಗಣನೆಯಲ್ಲಿ ಐದು ಮನೆಗಳಿವೆ. ಕಿನ್ ಅಂದರೆ 1 ದಿನ. ವಿನಾಲ್ ಅಂದರೆ 20 ದಿನ. ತುನ್ ಅಂದರೆ 360 ದಿನ. ಕತುನ್ 7,200 ದಿನ. ಬಕ್ತುನ್ 1,44,000 ದಿನ. ಮೂರನೆಯ ಮನೆಯಲ್ಲಿ 20ರ ಬದಲು 18ರಿಂದ ಗುಣಿಸಿದ್ದಾರೆ, ನೋಡಿ. ವರ್ಷದ ಹತ್ತಿರಕ್ಕೆ ಬರಲಿ ಅಂತ. ಹೊಸಬರು ಎಡವುವುದು ಇಲ್ಲೇ, 20 × 20 = 400 ಅಂತ ಹಾಕಿಬಿಡುತ್ತಾರೆ.

ಒಂದು ಲೆಕ್ಕ ಮಾಡೋಣ. ಪಲೆಂಕೆಯ ಪ್ರಸಿದ್ಧ ರಾಜ ಕಿನಿಚ್ ಹನಾಬ್ ಪಕಲ್ 615ರಲ್ಲಿ ಪಟ್ಟಕ್ಕೆ ಬಂದು 68 ವರ್ಷ ಆಳಿದ. ಅವನು ತೀರಿಕೊಂಡ ದಿನ 9.12.11.5.18.

9 × 1,44,000 = 12,96,000
12 × 7,200 = 86,400
11 × 360 = 3,960
5 × 20 = 100
18 × 1 = 18
ಒಟ್ಟು 13,86,478 ದಿನ.

ಈ ಗಣನೆ ಶುರುವಾಗುವುದು ಕ್ರಿ.ಪೂ. 3114ರ ಆಗಸ್ಟ್ 11ರಿಂದ. ಅಲ್ಲಿಂದ ಇಷ್ಟು ದಿನ ಮುಂದೆ ಬಂದರೆ ಕ್ರಿ.ಶ. 683ರ ಆಗಸ್ಟ್ 31. ಆದರೆ ಕೆಲವು ಪುಸ್ತಕಗಳಲ್ಲಿ ಆಗಸ್ಟ್ 28 ಅಂತ ಇರುತ್ತದೆ. ಎರಡೂ ಸರಿಯೇ. ಮೊದಲನೆಯದು ನಾವು ಈಗ ಬಳಸುವ ಗ್ರೆಗೋರಿಯನ್ ಕ್ಯಾಲೆಂಡರ್, ಎರಡನೆಯದು ಹಳೆಯ ಜೂಲಿಯನ್ ಕ್ಯಾಲೆಂಡರ್. ಏಳನೆಯ ಶತಮಾನದಲ್ಲಿ ಇವೆರಡರ ನಡುವೆ ಮೂರು ದಿನದ ಅಂತರ ಇತ್ತು. ತೇದಿ ತಾಳೆಯಾಗುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುವ ಮುನ್ನ ಪುಸ್ತಕ ಯಾವ ಕ್ಯಾಲೆಂಡರ್ ಹಿಡಿದಿದೆ ನೋಡಿ.

ಇದರ ಜೊತೆಗೆ ಎರಡು ಚಕ್ರಗಳಿವೆ. 13 ಅಂಕಿ ಮತ್ತು 20 ದಿನದ ಹೆಸರು ಸೇರಿ 260 ದಿನದ ಒಂದು ಚಕ್ರ. 20 ದಿನದ 18 ತಿಂಗಳು, ಕೊನೆಗೆ 5 ದಿನ ಸೇರಿ 365 ದಿನದ ಇನ್ನೊಂದು. ನಮಗೆ ವಾರವೂ ತಾರೀಕೂ ಒಟ್ಟಿಗೆ ಓಡುವ ಹಾಗೆ ಇವೆರಡೂ ಒಟ್ಟಿಗೆ ಓಡುತ್ತವೆ. ಅದೇ ಜೋಡಿ ಮತ್ತೆ ಬರಲು 18,980 ದಿನ, ಅಂದರೆ ಸುಮಾರು 52 ವರ್ಷ ಬೇಕು. ಪಕಲ್ ತೀರಿಕೊಂಡ ದಿನ ಈ ಜೋಡಿಯಲ್ಲಿ 6 ಎತ್ಸ್‌ನಾಬ್, 11 ಯಶ್. ಶಾಸನದ ರೇಖಾಚಿತ್ರದಲ್ಲಿ ಇದನ್ನು ನೀವೇ ಹುಡುಕಿ ತೆಗೆಯಿರಿ. ಒಂದು ಗೆರೆ ಒಂದು ಚುಕ್ಕೆ, ಮುಂದೆ ಎರಡು ಗೆರೆ ಒಂದು ಚುಕ್ಕೆ. ಸಿಕ್ಕಿದಾಗ ಖುಷಿಯಾಗುತ್ತದೆ.

260 ದಿನದ ಈ ಚಕ್ರ ಬರೀ ಮ್ಯೂಸಿಯಂ ಸಾಮಾನು ಅಲ್ಲ. ಗ್ವಾಟೆಮಾಲಾದ ಬೆಟ್ಟದ ಊರುಗಳಲ್ಲಿ, ಮುಖ್ಯವಾಗಿ ಮೊಮೊಸ್ತೆನಾಂಗೋ ಕಡೆ, ದಿನ ಎಣಿಸುವ ಪುರೋಹಿತರು ಇದನ್ನು ಇವತ್ತಿಗೂ ನಡೆಸುತ್ತಾರೆ. ಅವರನ್ನು ಅಹ್‌ಕಿಹ್ ಎನ್ನುತ್ತಾರೆ. ಅವರ ಇವತ್ತಿನ ಎಣಿಕೆಗೂ ಶಾಸನಗಳ ಎಣಿಕೆಗೂ ಒಂದು ದಿನವೂ ತಪ್ಪಿಲ್ಲ. ಮೇಲಿನ ಲೆಕ್ಕ ಸರಿ ಎನ್ನಲು ಇರುವ ಗಟ್ಟಿ ಆಧಾರಗಳಲ್ಲಿ ಇದೂ ಒಂದು.

ಹಂತ 3: ಲಿಪಿ

ಕನ್ನಡ ಬಲ್ಲವರಿಗೆ ಇಲ್ಲಿ ಒಂದು ಅನುಕೂಲ ಇದೆ. ಮಾಯಾ ಲಿಪಿಯಲ್ಲಿ ಎರಡು ಬಗೆಯ ಚಿಹ್ನೆಗಳಿವೆ. ಒಂದು ಪದಚಿಹ್ನೆ. ಇಡೀ ಪದಕ್ಕೆ ಒಂದೇ ಚಿತ್ರ. ಇನ್ನೊಂದು ಅಕ್ಷರಚಿಹ್ನೆ. ವ್ಯಂಜನ, ಸ್ವರ ಎರಡೂ ಸೇರಿದ ಒಂದು ಉಚ್ಚಾರ: ಬ, ಲ, ಮ, ಕು, ತ್ಸು. ಇಂಗ್ಲಿಷ್ ಮಾತ್ರ ಬಲ್ಲವರು ಇದಕ್ಕೆ ಒಗ್ಗಿಕೊಳ್ಳಲು ತಿಣುಕಾಡುತ್ತಾರೆ. ನಮಗೆ ಒಂದನೇ ಕ್ಲಾಸಿನಿಂದಲೇ ರೂಢಿ, ಅಲ್ವಾ?

ಈ ಲಿಪಿ ಬಿಡಿಸಲು ಇಷ್ಟು ತಡವಾಗಿದ್ದಕ್ಕೂ ಇದೇ ಕಾರಣ. ಯುಕಾಟಾನಿನ ಪಾದ್ರಿ ದಿಯೆಗೋ ದೆ ಲಾಂಡಾ 1562ರಲ್ಲಿ ಮನಿ ಎಂಬ ಊರಲ್ಲಿ ಮಾಯಾ ಪುಸ್ತಕಗಳನ್ನು ಸುಡಿಸಿದವನು. ಆಮೇಲೆ ಅವನೇ ಅಲ್ಲಿನವರಿಗೆ ಸ್ಪ್ಯಾನಿಷ್ ಅಕ್ಷರಗಳ ಹೆಸರು ಹೇಳಿ, ನಿಮ್ಮ ಲಿಪಿಯಲ್ಲಿ ಬರೆಯಿರಿ ಎಂದ. ಸ್ಪ್ಯಾನಿಷ್‌ನಲ್ಲಿ ಬಿ ಅಕ್ಷರದ ಹೆಸರು 'ಬೆ'. ಅವರು 'ಬೆ' ಅನ್ನುವ ಉಚ್ಚಾರಕ್ಕೆ ಇದ್ದ ಚಿಹ್ನೆ ಬರೆದುಕೊಟ್ಟರು. ನಮ್ಮ ಮಗುವಿಗೆ 'ಬಿ' ಬರಿ ಅಂದರೆ ಬಕಾರಕ್ಕೆ ಗುಡಿಸು ಕೊಟ್ಟು ಬರೆಯುತ್ತದಲ್ಲ, ಅದೇ. ಲಾಂಡಾ ಇದನ್ನು ವರ್ಣಮಾಲೆ ಎಂದುಕೊಂಡ. ಅವನ ಬರಹ ಮ್ಯಾಡ್ರಿಡ್‌ನಲ್ಲಿ ಮತ್ತೆ ಸಿಕ್ಕಿದ್ದು 19ನೆಯ ಶತಮಾನದಲ್ಲಿ. ಆಗಲೂ ಓದಿದವರು ಅದನ್ನು ವರ್ಣಮಾಲೆ ಎಂದೇ ಹಿಡಿದು, ಕೆಲಸಕ್ಕೆ ಬರುವುದಿಲ್ಲ ಎಂದು ಬದಿಗಿಟ್ಟರು.

1952ರಲ್ಲಿ ಸೋವಿಯತ್ ರಷ್ಯಾದ ಯೂರಿ ಕ್ನೊರೊಜೊವ್ ಗಂಟು ಬಿಡಿಸಿದ. ಹಳೆಯ ಮಾಯಾ ಪುಸ್ತಕದಲ್ಲಿ ಟರ್ಕಿ ಕೋಳಿಯ ಚಿತ್ರದ ಮೇಲೆ ಎರಡು ಚಿಹ್ನೆ ಇದ್ದವು. ಅದನ್ನು ಅವನು 'ಕು-ತ್ಸು' ಎಂದು ಓದಿದ. ಯುಕಾಟೆಕ್ ಮಾಯಾ ಭಾಷೆಯಲ್ಲಿ ಕಾಡು ಟರ್ಕಿಗೆ ಇವತ್ತಿಗೂ 'ಕೂತ್ಸ್' ಎನ್ನುತ್ತಾರೆ. ಅವನು ಮಾಯಾ ನೆಲ ಮುಟ್ಟಿದ್ದು 1990ರಲ್ಲಿ, ವಯಸ್ಸಾದ ಮೇಲೆ. ಮನೆಯಲ್ಲೇ ಕೂತು ಕಲಿಯಬಹುದಾ ಎಂದು ಕೇಳುವವರಿಗೆ ಇದಕ್ಕಿಂತ ಉತ್ತರ ಬೇಕಾ?

ಇನ್ನು ಓದುವ ಕ್ರಮ:

ಮೊದಲು ಕಂಬಸಾಲು. ಮಾಯಾ ಶಾಸನದಲ್ಲಿ ಚಿಹ್ನೆಗಳು ಚೌಕಗಳಲ್ಲಿ ಜೋಡಿಸಿರುತ್ತವೆ. ಎರಡೆರಡು ಕಂಬಸಾಲು ಒಟ್ಟಿಗೆ ಓದಬೇಕು. ಮೇಲಿನ ಎಡ ಚೌಕ, ಅದರ ಪಕ್ಕದ ಬಲ ಚೌಕ, ಕೆಳಗಿಳಿದು ಮತ್ತೆ ಎಡ, ಬಲ. ಆ ಜೋಡಿ ಮುಗಿದ ಮೇಲೆ ಮುಂದಿನ ಜೋಡಿ. ಮುಖಗಳೆಲ್ಲ ಎಡಕ್ಕೆ ನೋಡುತ್ತಿರುತ್ತವೆ. ನೀವು ಅವುಗಳ ಮುಖಕ್ಕೆ ಎದುರಾಗಿ ಓದುತ್ತಾ ಹೋಗುತ್ತೀರಿ.

ಆಮೇಲೆ ಚೌಕದ ಒಳಗೆ. ಸಾಮಾನ್ಯವಾಗಿ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ. ಜಾಗವಿಲ್ಲದಿದ್ದರೆ ಒಂದರೊಳಗೆ ಒಂದು ತೂರಿಸಿರುತ್ತಾರೆ.

ಕೊನೆಯ ಸ್ವರ ಬಿಡಿ. ನಮಗೆ 'ಲ್' ಎಂದು ಬರೆಯುವ ಸೌಕರ್ಯ ಇದೆ. ಅವರಿಗೆ ಇರಲಿಲ್ಲ. ಪ-ಕ-ಲ ಎಂದು ಬರೆದು ಪಕಲ್ ಎಂದು ಓದುತ್ತಿದ್ದರು. ಪಕಲ್ ಅಂದರೆ ಗುರಾಣಿ. ಆದ್ದರಿಂದ ಅದೇ ರಾಜನ ಹೆಸರನ್ನು ಬರೀ ಗುರಾಣಿಯ ಚಿತ್ರ ಬರೆದೂ ಮುಗಿಸಬಹುದಿತ್ತು. ಚಿರತೆ ಜಾತಿಯ ಜಾಗ್ವಾರ್‌ಗೆ ಬಲಮ್. ಜಾಗ್ವಾರ್ ತಲೆ ಮಾತ್ರ ಬರೆದರೂ ಬಲಮ್, ಬ-ಲ-ಮ ಎಂದು ಮೂರು ಅಕ್ಷರ ಬರೆದರೂ ಬಲಮ್, ತಲೆಯ ಕೆಳಗೆ ಸಣ್ಣದಾಗಿ 'ಮ' ಸಿಕ್ಕಿಸಿದರೂ ಬಲಮ್. ಆ ಸಣ್ಣ 'ಮ' ಓದುಗನಿಗೆ ಕೊಟ್ಟ ಉಚ್ಚಾರದ ಸುಳಿವು. ಅದನ್ನು ಬೇರೆ ಅಕ್ಷರ ಎಂದು ಓದಿ 'ಬಲಮ್‌ಮ' ಮಾಡಬೇಡಿ.

ಮೊದಲ ಅಭ್ಯಾಸಕ್ಕೆ ಕಲ್ಲು ಬೇಡ, ಮಡಕೆ ತೆಗೆದುಕೊಳ್ಳಿ. ಅಭಿಜಾತ ಕಾಲದ ಬಣ್ಣದ ಲೋಟಗಳ ಕಂಠದ ಸುತ್ತ ಹೆಚ್ಚುಕಡಿಮೆ ಒಂದೇ ವಾಕ್ಯ ಇರುತ್ತದೆ. ಇದು ಇಂಥವರ ಕುಡಿಯುವ ಲೋಟ, ಇಂಥ ಕೋಕೋಗೆ ಎಂದು. ಕೋಕೋ ಪದವನ್ನು 'ಕ-ಕ-ವ' ಎಂದು ಬರೆದಿರುತ್ತಾರೆ. 'ಕ' ಅಂದರೆ ಮೀನು ಅಥವಾ ಮೀನಿನ ರೆಕ್ಕೆ. ಮೀನಿನ ಮುಂದೆ ಎರಡು ಚುಕ್ಕೆ ಇದ್ದರೆ ಅದನ್ನು ಎರಡು ಸಲ ಓದು ಎಂದರ್ಥ. ಗ್ವಾಟೆಮಾಲಾದ ರಿಯೋ ಅಸುಲ್‌ನಲ್ಲಿ 1984ರಲ್ಲಿ ಸಿಕ್ಕ ಒಂದು ಮಡಕೆಯ ಮೇಲೆ ಈ ಪದ ಇತ್ತು. ಒಳಗಿನ ಕಿಟ್ಟವನ್ನು ಪ್ರಯೋಗಾಲಯದಲ್ಲಿ ನೋಡಿದಾಗ ನಿಜಕ್ಕೂ ಕೋಕೋ! ಪುತ್ತೂರು, ಸುಳ್ಯದ ಅಡಿಕೆ ತೋಟಗಳ ನಡುವೆ ಬೆಳೆಯುವ ಅದೇ ಕೋಕೋ.

ಎಲ್ಲಿ ಸಿಗುತ್ತದೆ? ಯುರೋಪಿನ ಮಾಯಾ ವಿದ್ವಾಂಸರ ಸಂಘ 'ವಾಯೆಬ್' ತನ್ನ ಕಾರ್ಯಾಗಾರಗಳಿಗಾಗಿ ಮಾಡಿದ ಲಿಪಿ ಕೈಪಿಡಿ ಉಚಿತ ಪಿಡಿಎಫ್. ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ. ಶಾಸನಗಳ ರೇಖಾಚಿತ್ರಕ್ಕೆ ಹಾರ್ವರ್ಡ್‌ನ ಪೀಬಾಡಿ ಮ್ಯೂಸಿಯಂನ ಸಂಗ್ರಹ ನೋಡಿ. 'ಮೆಸೋವೆಬ್' ತಾಣದಲ್ಲಿ ಲೇಖನಗಳು ಬೇಕಾದಷ್ಟಿವೆ. ಸುಡದೆ ಉಳಿದ ಹಳೆಯ ಮಾಯಾ ಪುಸ್ತಕಗಳು ನಾಲ್ಕೇ. ಅವು ಡ್ರೆಸ್ಡೆನ್, ಮ್ಯಾಡ್ರಿಡ್, ಪ್ಯಾರಿಸ್ ಮತ್ತು ಮೆಕ್ಸಿಕೋದಲ್ಲಿವೆ. ಡ್ರೆಸ್ಡೆನ್ ಗ್ರಂಥಾಲಯ ತನ್ನ ಪ್ರತಿಯನ್ನು ಪುಟಪುಟವಾಗಿ ಅಂತರ್ಜಾಲಕ್ಕೆ ಹಾಕಿದೆ.

ಎಚ್ಚರಿಕೆ: ಪುಸ್ತಕ ಕೊಳ್ಳುವ ಮುನ್ನ ಪ್ರಕಟವಾದ ವರ್ಷ ನೋಡಿ. 1960ಕ್ಕಿಂತ ಹಿಂದಿನವು ಮಾಯಾ ಜನರನ್ನು ಯುದ್ಧ ಗೊತ್ತಿಲ್ಲದ, ನಕ್ಷತ್ರ ನೋಡುವ ಋಷಿಗಳು ಎನ್ನುತ್ತವೆ. ಆ ವರ್ಷ ತಾತಿಯಾನಾ ಪ್ರೊಸ್ಕುರಿಯಾಕಾಫ್ ಎಂಬ ವಿದುಷಿ ಪಿಯೆದ್ರಾಸ್ ನೆಗ್ರಾಸ್ ಊರಿನ ಶಾಸನಗಳ ತೇದಿಗಳನ್ನು ಜೋಡಿಸಿ, ಇವು ರಾಜರ ಹುಟ್ಟು, ಪಟ್ಟ, ಸಾವಿನ ದಾಖಲೆ ಎಂದು ತೋರಿಸಿದರು. ಆಮೇಲೆ ಚಿತ್ರವೇ ಬದಲಾಯಿತು. 1980ರ ದಶಕದಲ್ಲಿ ಡೇವಿಡ್ ಸ್ಟುವರ್ಟ್ ಮತ್ತಿತರರು ಇನ್ನಷ್ಟು ಅಕ್ಷರ ಬಿಡಿಸಿದರು. ಹಾಗಾಗಿ 1990ರಿಂದ ಈಚಿನದೇ ಓದಿ.

ಹಂತ 4: ಬದುಕಿರುವ ಒಂದು ಭಾಷೆ ಆರಿಸಿ

'ಮಾಯಾ ಭಾಷೆ' ಎನ್ನುವುದು ಒಂದಲ್ಲ, ಸುಮಾರು 30. ಕನ್ನಡ, ತುಳು, ತಮಿಳು ಬೇರೆ ಬೇರೆ ಇರುವಷ್ಟೇ ಇವೂ ಬೇರೆ. ಗ್ವಾಟೆಮಾಲಾ ಒಂದೇ ದೇಶ 22ಕ್ಕೆ ಮಾನ್ಯತೆ ಕೊಟ್ಟಿದೆ. ಯಾವುದನ್ನು ಆರಿಸಬೇಕು?

ಯುಕಾಟೆಕ್ ಅನ್ನು ಮೆಕ್ಸಿಕೋದಲ್ಲಿ ಸುಮಾರು 7.7 ಲಕ್ಷ ಜನ ಮಾತಾಡುತ್ತಾರೆ. ತಮ್ಮ ಭಾಷೆಗೆ 'ಮಾಯಾ' ಎಂದೇ ಹೇಳುವವರು ಇವರು. ನಿಘಂಟು, ಹಾಡು, ಪಾಠ ಜಾಸ್ತಿ ಸಿಗುತ್ತವೆ. ಕಿಚೆ ಭಾಷೆಗೆ ಹತ್ತು ಲಕ್ಷದ ಆಸುಪಾಸು ಮಾತುಗಾರರು. 'ಪೊಪೊಲ್ ವುಹ್' ಎಂಬ ಸೃಷ್ಟಿಕಥೆಯ ಗ್ರಂಥ ಇರುವುದು ಇದರಲ್ಲೇ. ಟೆಕ್ಸಸ್ ವಿಶ್ವವಿದ್ಯಾಲಯದವರು ಕಿಚೆ ಪಾಠಗಳನ್ನು ಉಚಿತವಾಗಿ ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ದೂರದಿಂದ ಕಲಿಯುವವರಿಗೆ ನಾನು ಇದನ್ನೇ ಹೇಳುತ್ತೇನೆ. ಹೋಗಿ ಕಲಿಯುವವರಿಗೆ ಕಕ್‌ಚಿಕೆಲ್ ಅನುಕೂಲ, ಗ್ವಾಟೆಮಾಲಾದ ಆಂಟಿಗ್ವಾ ಪಟ್ಟಣದ ಸುತ್ತ ಕಲಿಸುವವರು ಸಿಗುತ್ತಾರೆ. ಲಿಪಿಯೇ ಮುಖ್ಯ ಅನ್ನುವವರು ಚೋಲ್ ಅಥವಾ ಚೋರ್ತಿ ಕಡೆ ನೋಡಿ. ಅಭಿಜಾತ ಕಾಲದ ಶಾಸನದ ಭಾಷೆಗೆ ಹತ್ತಿರದ ನೆಂಟರು ಇವು. ಆದರೆ ಕಲಿಕೆಯ ಸಾಮಗ್ರಿ ಕಡಿಮೆ.

ಸ್ಪ್ಯಾನಿಷ್ ಬೇಕಾಗುವುದು ಇಲ್ಲಿ. ನಿಘಂಟು ಸ್ಪ್ಯಾನಿಷ್‌ನಲ್ಲಿ, ಮೇಷ್ಟ್ರ ವಿವರಣೆ ಸ್ಪ್ಯಾನಿಷ್‌ನಲ್ಲಿ. ಹಂತ 2 ಮತ್ತು 3 ನಡೆಯುತ್ತಿರುವಾಗಲೇ ಪಕ್ಕದಲ್ಲಿ ಸ್ಪ್ಯಾನಿಷ್ ಶುರು ಮಾಡಿಟ್ಟರೆ ಈ ಹೊತ್ತಿಗೆ ಕೈಗೆ ಬಂದಿರುತ್ತದೆ.

ವ್ಯಾಕರಣದ ಬಗ್ಗೆ ಎರಡೇ ಮಾತು. ಎಣಿಸುವಾಗ ನಾವು 'ಒಬ್ಬ', 'ಒಂದು' ಅಂತ ಬೇರೆ ಮಾಡುತ್ತೇವಲ್ಲ, ಯುಕಾಟೆಕ್‌ನಲ್ಲೂ ಹಾಗೇ. ಜೀವ ಇರುವುದಕ್ಕೆ 'ಹುನ್‌ತೂಲ್', ವಸ್ತುವಿಗೆ 'ಹುಂಪೇಲ್'. ಆದರೆ ನಾಯಿಯೂ ಹುನ್‌ತೂಲ್ ಪಂಗಡವೇ, ಮನುಷ್ಯರ ಜೊತೆಗೆ. ಇನ್ನೊಂದು, ಕ್ರಿಯಾಪದ ಮೊದಲೇ ಬರುತ್ತದೆ. 'ತಿನ್ ವಿಲಹ್ ಹುನ್‌ತೂಲ್ ಪೇಕ್' ಅಂದರೆ 'ನೋಡಿದೆ ಒಂದು ನಾಯಿ'. ಇದರಲ್ಲಿರುವ 'ಇನ್' ಅಂದರೆ ನಾನು. 'ಇನ್ ಪೇಕ್' ಅಂದರೆ ನನ್ನ ನಾಯಿ. ನೋಡುವವನಿಗೂ ಒಡೆಯನಿಗೂ ಒಂದೇ ಗುರುತು. ಈ ಒಂದು ಪಟ್ಟಿ ಬಾಯಿಪಾಠ ಮಾಡಿದರೆ ಎರಡು ಕೆಲಸ ಆಗುತ್ತದೆ.

ಹಂತ 5: ಉಚ್ಚಾರ

ಕನ್ನಡಿಗರು ಎಡವುವ ಜಾಗ ಇದು. ಮಾಯಾ ಭಾಷೆಗಳನ್ನು ಈಗ ರೋಮನ್ ಅಕ್ಷರಗಳಲ್ಲಿ ಬರೆಯುತ್ತಾರೆ. ಕೆ, ಟಿ, ಸಿಎಚ್, ಟಿಜ಼ಡ್ ಮುಂತಾದವುಗಳ ಪಕ್ಕದಲ್ಲಿ ಮೇಲೊಂದು ಸಣ್ಣ ಕೊಕ್ಕೆ ಇರುತ್ತದೆ. ಕೊಕ್ಕೆ ಕಂಡ ಕೂಡಲೇ ನಮ್ಮ ನಾಲಗೆ ಮಹಾಪ್ರಾಣಕ್ಕೆ ಹೋಗುತ್ತದೆ, ಖ, ಥ, ಛ ಅಂತ. ಅದು ತಪ್ಪು, ನಿಜಕ್ಕೂ ಅದರ ಉಲ್ಟಾ. ಮಹಾಪ್ರಾಣದಲ್ಲಿ ಉಸಿರು ಹೊರಗೆ ಬರುತ್ತದೆ. ಇಲ್ಲಿ ಗಂಟಲು ಒಂದು ಕ್ಷಣ ಮುಚ್ಚಿ, 'ಕ್' ಎಂದು ಸಿಡಿಸಬೇಕು. ಬಾಯಿ ಮುಂದೆ ತೆಳು ಕಾಗದ ಹಿಡಿಯಿರಿ. ಸರಿಯಾಗಿ ಹೇಳಿದರೆ ಕಾಗದ ಅಷ್ಟಾಗಿ ಅಲ್ಲಾಡುವುದಿಲ್ಲ.

ಕೊಕ್ಕೆ ಬಿಟ್ಟರೆ ಪದವೇ ಬೇರೆಯಾಗಬಹುದು. ಆದ್ದರಿಂದ ನೋಟ್ಸ್ ಮಾಡುವಾಗ ಕನ್ನಡ ಲಿಪಿಯನ್ನೇ ನಂಬಬೇಡಿ. ಈ ಲೇಖನದಲ್ಲಿ ನಾನು ಹೆಸರುಗಳನ್ನು ಕನ್ನಡಕ್ಕೆ ಒಗ್ಗಿಸಿ ಬರೆದಿದ್ದೇನೆ. ಕಲಿಯುವಾಗ ರೋಮನ್ ರೂಪವನ್ನೇ ಬರೆದಿಟ್ಟುಕೊಳ್ಳಿ.

ಇನ್ನೆರಡು: ಎಕ್ಸ್ ಅಕ್ಷರ ಕಂಡರೆ 'ಶ' ಎನ್ನಿ. ಉಶ್ಮಾಲ್, ಯಶ್‌ಚಿಲಾನ್. ಜೆ ಕಂಡರೆ 'ಹ'. ದೀರ್ಘ, ಹ್ರಸ್ವ ಸ್ವರದ ವ್ಯತ್ಯಾಸ ಯುಕಾಟೆಕ್‌ನಲ್ಲಿ ಇದೆ. ಅದು ನಮಗೆ ಕಷ್ಟವಲ್ಲ. ಅದರ ಮೇಲೆ ಏರುದನಿ, ಇಳಿದನಿ ಕೂಡ ಇದೆ. ಅದು ಕಷ್ಟ. ಕೇಳಿ ಕೇಳಿಯೇ ಬರಬೇಕು. ಟೆಕ್ಸಸ್ ವಿಶ್ವವಿದ್ಯಾಲಯದ 'ಐಲ್ಲಾ' ಸಂಗ್ರಹದಲ್ಲಿ ಹಳ್ಳಿಯವರ ಮಾತು, ಕಥೆಗಳ ಧ್ವನಿಮುದ್ರಣಗಳಿವೆ.

ಒಂದೇ ಹೆಸರು ಎರಡು ಮೂರು ಕಾಗುಣಿತದಲ್ಲಿ ಕಂಡರೆ ಗಾಬರಿ ಬೇಡ. ಹಳೆಯವು ಸ್ಪ್ಯಾನಿಷ್ ಪಾದ್ರಿಗಳ ಬರವಣಿಗೆ. ಗ್ವಾಟೆಮಾಲಾ 1987ರಲ್ಲಿ ತನ್ನ ಮಾಯಾ ಭಾಷೆಗಳಿಗೆ ಏಕರೂಪದ ಅಕ್ಷರಮಾಲೆಯನ್ನು ಅಧಿಕೃತ ಮಾಡಿತು. ಆ ರೂಪವನ್ನೇ ಹಿಡಿಯಿರಿ.

ಹಂತ 6: ಇವತ್ತಿನ ಬದುಕು

ಜೋಳದಿಂದ ಶುರು ಮಾಡಿ. ಪೊಪೊಲ್ ವುಹ್ ಪ್ರಕಾರ ದೇವತೆಗಳು ಮೊದಲು ಮಣ್ಣಿನಿಂದ, ಆಮೇಲೆ ಮರದಿಂದ ಮನುಷ್ಯನನ್ನು ಮಾಡಿ ಸೋತರು. ಕೊನೆಗೆ ಮೆಕ್ಕೆಜೋಳದ ಹಿಟ್ಟಿನಿಂದ ಮಾಡಿದಾಗ ಸರಿಹೋಯಿತು. ಈ ಕಥೆಯನ್ನು ಕಿಚೆ ಜನ 1550ರ ದಶಕದಲ್ಲಿ ರೋಮನ್ ಅಕ್ಷರಗಳಲ್ಲಿ ಬರೆದಿಟ್ಟರು. ಉಳಿದದ್ದು 1700ರ ಸುಮಾರಿಗೆ ಚಿಚಿಕಾಸ್ತೆನಾಂಗೋದಲ್ಲಿ ಪಾದ್ರಿ ಫ್ರಾನ್ಸಿಸ್ಕೋ ಶಿಮೆನೆಸ್ ಮಾಡಿದ ನಕಲು. ಅದೀಗ ಶಿಕಾಗೋದ ನ್ಯೂಬೆರಿ ಗ್ರಂಥಾಲಯದಲ್ಲಿದೆ. ಮೂಲವನ್ನೂ ಪಕ್ಕದಲ್ಲಿ ಕೊಟ್ಟಿರುವ ಅನುವಾದ ಆರಿಸಿ.

ಆ ಜೋಳವನ್ನು ಅವರು ಇವತ್ತಿಗೂ ಸುಣ್ಣದ ನೀರಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ತೊಳೆದು ರುಬ್ಬುತ್ತಾರೆ. ಸುಣ್ಣ ಜೋಳದೊಳಗಿನ ಒಂದು ಬಿ ವಿಟಮಿನ್ ದೇಹಕ್ಕೆ ಸಿಗುವಂತೆ ಮಾಡುತ್ತದೆ. ಈ ವಿದ್ಯೆ ಬಿಟ್ಟು ಜೋಳ ಮಾತ್ರ ಒಯ್ದ ಯುರೋಪಿನ ಬಡವರಿಗೆ ಆ ವಿಟಮಿನ್ ಕೊರತೆಯಿಂದ ಪೆಲಾಗ್ರಾ ಎಂಬ ರೋಗ ಬಂತು. ದಾವಣಗೆರೆ, ಹಾವೇರಿ ಕಡೆ ನಾವು ಬೆಳೆಯುವ ಮೆಕ್ಕೆಜೋಳ ಹೆಚ್ಚಾಗಿ ಕೋಳಿ ಆಹಾರಕ್ಕೆ ಹೋಗುತ್ತದೆ.

ಇತಿಹಾಸದ ಕಹಿ ಭಾಗ ಬಿಡಬೇಡಿ. 1847ರಲ್ಲಿ ಶುರುವಾದ ಯುಕಾಟಾನ್ ಮಾಯಾ ದಂಗೆ 1901ರವರೆಗೂ ಎಳೆಯಿತು. ಗ್ವಾಟೆಮಾಲಾದ ಅಂತರ್ಯುದ್ಧ 1960ರಿಂದ 1996ರವರೆಗೆ. 1999ರಲ್ಲಿ ಬಂದ ಸತ್ಯಶೋಧನಾ ಆಯೋಗದ ವರದಿ ಪ್ರಕಾರ ಸತ್ತವರು, ಕಾಣೆಯಾದವರು ಎರಡು ಲಕ್ಷಕ್ಕೂ ಹೆಚ್ಚು. ಗುರುತು ಸಿಕ್ಕವರಲ್ಲಿ ನೂರಕ್ಕೆ 83 ಮಂದಿ ಮಾಯಾ ಜನ. ಕಿಚೆ ಹೆಣ್ಣುಮಗಳು ರಿಗೊಬೆರ್ತಾ ಮೆಂಚುಗೆ 1992ರಲ್ಲಿ ಶಾಂತಿ ನೊಬೆಲ್ ಬಂದದ್ದು ಈ ಹಿನ್ನೆಲೆಯಲ್ಲಿ. ಇದು ಗೊತ್ತಿಲ್ಲದೆ ಹೋಗಿ ಯಾರದೋ ಮನೆಯಲ್ಲಿ 'ನಿಮ್ಮ ತಾತ ಏನು ಮಾಡುತ್ತಿದ್ದರು' ಎಂದು ಕೇಳಿಬಿಟ್ಟರೆ ಅವರಿಗೆ ನೋವಾಗಬಹುದು.

ಕೇಳಲು, ಓದಲು: ಮೊಮೊಸ್ತೆನಾಂಗೋದ ಕಿಚೆ ಕವಿ ಉಂಬೆರ್ತೋ ಅಕಾಬಲ್, ಯುಕಾಟೆಕ್‌ನಲ್ಲಿ ಬರೆಯುವ ಬ್ರಿಸೇಯ್ದಾ ಕ್ವೇವಾಸ್ ಕೋಬ್, ಕಕ್‌ಚಿಕೆಲ್‌ನಲ್ಲಿ ಹಾಡುವ ಸಾರಾ ಕುರುಚಿಚ್, ಯುಕಾಟೆಕ್ ಮಾಯಾದಲ್ಲಿ ರ್‍ಯಾಪ್ ಮಾಡುವ ಪ್ಯಾಟ್ ಬಾಯ್. ಅಮೆರಿಕದ ಬೇ ಏರಿಯಾದಲ್ಲಿರುವ ಕನ್ನಡಿಗರೇ, ನಿಮ್ಮ ಪಕ್ಕದ ಓಕ್‌ಲ್ಯಾಂಡ್‌ನಲ್ಲೇ ಮಾಮ್ ಎಂಬ ಮಾಯಾ ಭಾಷೆಯ ದೊಡ್ಡ ಸಮುದಾಯ ಇದೆ.

ನಡುವೆ ಸಿಗುವ ಗುಂಡಿಗಳು

ಮಯಾಸುರ. ಹೆಸರು ಒಂದೇ ಥರ ಕೇಳುತ್ತದೆ ಅಂತ ಮಾಯಾ ನಗರಗಳನ್ನು ಮಯಾಸುರನೇ ಕಟ್ಟಿದ ಎನ್ನುವ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬಹುದು. ಸಂಬಂಧ ಇಲ್ಲ.

ಸೋಮನಾಥಪುರದ ಜೋಳ. ಇದು ಸ್ವಲ್ಪ ಗಂಭೀರ. ಹೊಯ್ಸಳ ದೇವಾಲಯಗಳ ಶಿಲ್ಪಗಳ ಕೈಯಲ್ಲಿರುವುದು ಮೆಕ್ಕೆಜೋಳದ ತೆನೆ, ಹಾಗಾಗಿ ಕೊಲಂಬಸ್‌ಗೂ ಮೊದಲೇ ಅಮೆರಿಕದ ಜೊತೆ ಸಂಪರ್ಕ ಇತ್ತು ಎಂದು ಕಾರ್ಲ್ ಜೊಹಾನೆಸ್ಸನ್ ಮತ್ತು ಆನ್ ಪಾರ್ಕರ್ 1989ರಲ್ಲಿ ವಾದಿಸಿದರು. ಭಾರತದ ಜೋಳ ತಜ್ಞರಾದ ಪಾಯಕ್ ಮತ್ತು ಸಚಾನ್ 1993ರಲ್ಲಿ ಇದನ್ನು ಒಪ್ಪದೆ, ಅದು ಮುತ್ತು ಜೋಡಿಸಿದಂತೆ ಕೆತ್ತಿದ ಮುಕ್ತಾಫಲ ಎಂಬ ಕಲ್ಪನೆಯ ಹಣ್ಣು ಎಂದರು. ಆ ಕಾಲದ ನಮ್ಮ ಶಾಸನಗಳಲ್ಲಿ, ಪಾಕದ ಗ್ರಂಥಗಳಲ್ಲಿ ಇಂಥ ಬೆಳೆಯ ಸುದ್ದಿಯೇ ಇಲ್ಲ. ನನಗೆ ಎರಡನೆಯ ಮಾತೇ ಸರಿ ಕಾಣುತ್ತದೆ.

2012. ಆ ವರ್ಷದ ಡಿಸೆಂಬರ್ 21ಕ್ಕೆ 13ನೆಯ ಬಕ್ತುನ್ ಮುಗಿಯಿತು, ಅಷ್ಟೇ. ಪಲೆಂಕೆಯ ಒಂದು ಶಾಸನ ಕ್ರಿ.ಶ. 4772ರಲ್ಲಿ ಬರುವ ದಿನವನ್ನೂ ಲೆಕ್ಕ ಹಾಕಿಟ್ಟಿದೆ. ಜಗತ್ತು ಮುಗಿಯುತ್ತದೆ ಅಂದುಕೊಂಡವರು ಹಾಗೆ ಬರೆಯುತ್ತಾರಾ?

ಪಕಲ್‌ನ ಶವಪೆಟ್ಟಿಗೆಯ ಮುಚ್ಚಳದಲ್ಲಿ ರಾಕೆಟ್ ಇದೆ ಎನ್ನುವವರಿಗೆ ಉತ್ತರ ಕೊಡುತ್ತಾ ಕೂರಬೇಡಿ. ಮುಚ್ಚಳವನ್ನು ನಿಲ್ಲಿಸಿ ನೋಡಿದರೆ ಅವನ ಹಿಂದೆ ಎದ್ದಿರುವುದು ಮರ, ಅದರ ತುದಿಯಲ್ಲಿ ಹಕ್ಕಿ.

ಹಂತ 7: ಹೋಗುವುದಾದರೆ

ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ ಕಡಿಮೆ. ವೀಸಾ ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಕೊಳ್ಳುವ ಮುನ್ನ ಆಯಾ ರಾಯಭಾರ ಕಚೇರಿಯ ಪುಟವನ್ನೇ ನೋಡಿ. ಟಿಕಾಲ್‌ಗೆ ಫ್ಲೋರೆಸ್ ಪಟ್ಟಣದಲ್ಲಿ ಉಳಿದುಕೊಳ್ಳಿ. ಅಲ್ಲಿನ ದೇವಾಲಯಗಳ ಬಾಗಿಲ ಮೇಲಿನ ತೊಲೆಗಳು ಸಪೋಟ ಮರದವು. ನಮ್ಮ ತೋಟದ ಸಪೋಟವೇ, ತವರು ಆ ಕಾಡು. ಹನ್ನೆರಡು ಶತಮಾನ ಮಳೆ, ಗೆದ್ದಲು ತಡೆದಿದೆ.

ಚಿಯಾಪಾಸ್‌ನ ಸಾನ್ ಹುವಾನ್ ಚಮುಲಾ ಊರಿನ ಚರ್ಚಿನೊಳಗೆ ಫೋಟೊ ತೆಗೆಯುವಂತಿಲ್ಲ. ಕದ್ದು ತೆಗೆದರೆ ದೊಡ್ಡ ಗಲಾಟೆಯಾಗುತ್ತದೆ. ಬೇರೆ ಕಡೆಯೂ ಜನರ ಫೋಟೊಗೆ ಮೊದಲು ಕೇಳಿ. 'ಹಳೆಯ ಕಾಲದ್ದು' ಎಂದು ಮಾರುವ ಮಣ್ಣಿನ ಗೊಂಬೆ ಕೊಳ್ಳಬೇಡಿ. ನಕಲಿಯಾದರೆ ದುಡ್ಡು ಹೋಯಿತು, ಅಸಲಿಯಾದರೆ ದೇಶದಿಂದ ಹೊರಗೆ ಒಯ್ಯುವುದು ಅಪರಾಧ. ಕೈಮಗ್ಗದ ಉಯಿಪಿಲ್ ಕೊಳ್ಳಿ. ಸೊಂಟಕ್ಕೆ ಕಟ್ಟಿಕೊಳ್ಳುವ ಮಗ್ಗದಲ್ಲಿ ಹೆಂಗಸರು ನೇಯುವ ರವಿಕೆ ಅದು, ಊರಿಗೊಂದು ವಿನ್ಯಾಸ. ನೇಯ್ದವರ ಕೈಯಿಂದಲೇ ಕೊಳ್ಳಿ, ಜಾಸ್ತಿ ಚೌಕಾಸಿ ಬೇಡ. ನೇಯಲು ತಿಂಗಳುಗಟ್ಟಲೆ ಹಿಡಿಯುತ್ತದೆ.

ಭಾಷೆ ಕಲಿಯಲೆಂದೇ ಹೋಗುವವರು ಶಾಲೆಗೆ ದುಡ್ಡು ಕಟ್ಟುವ ಮುನ್ನ ಎರಡು ವಿಷಯ ಕೇಳಿ. ಕಲಿಸುವವರ ಮನೆಮಾತು ಅದೇನಾ? ಅವರದು ಯಾವ ಊರು? ಕಕ್‌ಚಿಕೆಲ್ ಊರಿಂದೂರಿಗೆ ಬದಲಾಗುತ್ತದೆ. ಒಂದು ಊರಿನ ಮೇಷ್ಟ್ರ ಹತ್ತಿರ ಕಲಿತು ಇನ್ನೊಂದು ಊರಿನ ಮನೆಯಲ್ಲಿ ಉಳಿದುಕೊಂಡರೆ ಮೊದಲ ವಾರ ಪೂರ್ತಿ ಗೊಂದಲ. ಪಾಠ, ವಾಸ ಎರಡೂ ಒಂದೇ ಊರಲ್ಲಿ ಆಗುವ ಹಾಗೆ ನೋಡಿಕೊಳ್ಳಿ. ಅಂಗಡಿಯಲ್ಲಿ ಸಾಮಾನು ಕೊಂಡ ಮೇಲೆ 'ಮತ್ಯೋಶ್' ಅನ್ನಿ, ಧನ್ಯವಾದ ಎಂದರ್ಥ. ಅಂಗಡಿಯಾಕೆ ಸ್ಪ್ಯಾನಿಷ್ ಬಿಟ್ಟು ತನ್ನ ಭಾಷೆಗೆ ಇಳಿದರೆ ಅವತ್ತಿನ ಪಾಠ ಅಲ್ಲೇ ಶುರು.